ಬಿದ್ದ ರಾಕೆಟ್ಟಿನ ಮೀಸೆ ಮಣ್ಣಾಗಿಲ್ಲ

ಗಟ್ಟಿ ಇಂಧನವನ್ನು ದ್ರವದ ಜೊತೆ ಸೇರಿಸಿ ಉರಿಸುವ ಅಗ್ಗದ 'ಹೈಬ್ರಿಡ್' ರಾಕೆಟ್ ಕಟ್ಟುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಬಿದ್ದರೂ ಚಪ್ಪಾಳೆ ಗ್ಯಾರಂಟಿ ಇರುವ ಕಸುಬು ಬೇರೆ ಯಾವುದಿದೆ ಹೇಳಿ?

2025ರ ಜುಲೈ 30ರಂದು ಆಸ್ಟ್ರೇಲಿಯಾದ ಬೋವನ್ ಊರಿನ ಹತ್ತಿರ ಗಿಲ್ಮೋರ್ ಸ್ಪೇಸ್ ಕಂಪನಿಯ ಹೈಬ್ರಿಡ್ ರಾಕೆಟ್ 'ಎರಿಸ್' ಮೇಲೆದ್ದಿತು. ಸುಮಾರು 30 ಟನ್ನಿನ ದೇಹ. ಏಳಲೋ ಬೇಡವೋ ಅಂತ ಸ್ವಲ್ಪ ಹೊತ್ತು ಯೋಚನೆ ಮಾಡಿತು. ಹೇಗೋ ಗೋಪುರ ದಾಟಿತು. ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಆಮೇಲೆ ದಬಕ್! ಹಾರಿದ್ದು 14 ಸೆಕೆಂಡು. ಕಂಪನಿಗೆ ಮಾತ್ರ ಖುಷಿಯೋ ಖುಷಿ. ಎಂಜಿನ್ 23 ಸೆಕೆಂಡು ಉರಿದಿದೆಯಂತೆ! ಮಿಕ್ಕ 9 ಸೆಕೆಂಡಿನ ಲೆಕ್ಕ ಕೇಳಬೇಡಿ, ಸುಮ್ನೆ ಮನಸ್ತಾಪ. ಅದೇ ತಿಂಗಳು ಸರ್ಕಾರದಿಂದ 50 ಲಕ್ಷ ಆಸ್ಟ್ರೇಲಿಯನ್ ಡಾಲರ್ ಅನುದಾನವೂ ಸಿಕ್ಕಿತ್ತು. ಅಗ್ಗ ಅಂದರೆ ಯಾರಿಗೆ ಅಗ್ಗ ಅಂತ ಈಗ ಗೊತ್ತಾಯಿತಲ್ವಾ?

ಇದು ಹಳೇ ಮನೆತನದ ಗುಣ. 1989ರಲ್ಲಿ ಅಮೆರಿಕದ ವ್ಯಾಂಡನ್‌ಬರ್ಗ್‌ನಲ್ಲಿ ಆಮ್ರಾಕ್ ಕಂಪನಿಯ ಹೈಬ್ರಿಡ್ ರಾಕೆಟ್ ನೆಲ ಬಿಟ್ಟು ಏಳಲೇ ಇಲ್ಲ. ಆಕ್ಸಿಜನ್ ವಾಲ್ವ್ ಹೆಪ್ಪುಗಟ್ಟಿತ್ತು. ನಿಂತಲ್ಲೇ ಹೊತ್ತಿಕೊಂಡು ವಾಲಿ ಬಿತ್ತು, ಆದರೆ ಸಿಡಿಯಲಿಲ್ಲ. ಹೈಬ್ರಿಡ್ ಎಷ್ಟು ಸೇಫ್ ಅನ್ನುವುದಕ್ಕೆ ಭಕ್ತರು ಇವತ್ತಿಗೂ ಅದನ್ನೇ ತೋರಿಸುತ್ತಾರೆ. ಜಟ್ಟಿ ನೆಲಕ್ಕೆ ಬಿದ್ದ, ಮೀಸೆ ನೋಡಿ ಎಷ್ಟು ಚೊಕ್ಕ!

ವಾದದಲ್ಲಿ ಹುರುಳಿಲ್ಲ ಅಂತಲ್ಲ. ಇಂಧನ ಗಟ್ಟಿ, ರಬ್ಬರೋ ಮೇಣವೋ. ಅದನ್ನು ಉರಿಸುವ ಆಕ್ಸಿಡೈಸರ್ ದ್ರವ, ಬೇರೆ ಟ್ಯಾಂಕಿನಲ್ಲಿರುತ್ತದೆ. ಎರಡೂ ಸೇರದೆ ಬೆಂಕಿಯಿಲ್ಲ. ವಾಲ್ವ್ ಮುಚ್ಚಿದರೆ ಎಂಜಿನ್ ಆಫ್. ತೊಂದರೆ ಏನೆಂದರೆ ರಬ್ಬರ್ ಉರಿಯುವುದು ಹಸಿ ಸೌದೆಯ ಹಾಗೆ, ನಿಧಾನ. ಜಾಸ್ತಿ ನೂಕುಬಲ ಬೇಕೆಂದರೆ ಇಂಧನದೊಳಗೆ ತೂತಿನ ಮೇಲೆ ತೂತು ಕೊರೆಯಬೇಕು. ಉರಿದಂತೆಲ್ಲ ತೂತು ಅಗಲವಾಗಿ ಮಿಶ್ರಣದ ಲೆಕ್ಕವೂ ತಪ್ಪುತ್ತದೆ. ಇನ್ನು 'ಸೇಫ್' ಅನ್ನುವ ಮಾತು. 2007ರಲ್ಲಿ ಅಮೆರಿಕದ ಮೊಹಾವೆಯಲ್ಲಿ ಬರೀ ನೈಟ್ರಸ್ ಆಕ್ಸೈಡ್ ಅನ್ನುವ ಆಕ್ಸಿಡೈಸರ್ ಹರಿಸಿ ನೋಡುವ ಪರೀಕ್ಷೆಯಲ್ಲೇ ಸ್ಫೋಟವಾಗಿ ಮೂವರು ಸತ್ತರು. ಅಲ್ಲಿ ಎಂಜಿನ್ ಹೊತ್ತಿಸಿಯೇ ಇರಲಿಲ್ಲ.

ಎರಿಸ್ ಬೀಳುವ ದಿನದವರೆಗೆ ಯಾವ ಹೈಬ್ರಿಡ್ ರಾಕೆಟ್ಟೂ ಒಂದು ಉಪಗ್ರಹವನ್ನೂ ಕಕ್ಷೆಗೆ ಮುಟ್ಟಿಸಿರಲಿಲ್ಲ. ಆದರೂ 'ಸಣ್ಣ ಉಪಗ್ರಹಕ್ಕೆ ಕಡಿಮೆ ಖರ್ಚಿನ ಸವಾರಿ' ಅನ್ನುವ ಬೋರ್ಡು ಥಳಥಳ ಹೊಳೆಯುತ್ತಿದೆ. ಅತ್ತ ನಮ್ಮ ಪಿಎಸ್‌ಎಲ್‌ವಿ 2017ರಲ್ಲೇ ಒಂದೇ ಸಲಕ್ಕೆ 104 ಉಪಗ್ರಹ ಹೊತ್ತುಕೊಂಡು ಹೋಗಿ ಇಳಿಸಿ ಬಂತು. ಬೋರ್ಡು ಗೀರ್ಡು ಏನಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಗಿಲ್ಮೋರ್‌ನವರ ಮಿತವ್ಯಯ ಒಪ್ಪಲೇಬೇಕು. 2025ರ ಮೇ ತಿಂಗಳಲ್ಲಿ ಎರಿಸ್ ಹಾರಿಸಲು ಹೊರಟಾಗ, ಕೊನೇ ತಪಾಸಣೆ ನಡೆಯುತ್ತಿದ್ದ ಹೊತ್ತಿನಲ್ಲಿ ರಾಕೆಟ್ಟಿನ ಮೂತಿಯ ಹೊದಿಕೆ ತಾನಾಗಿ ಕಳಚಿಕೊಂಡಿತ್ತು. ಆ ಹೊದಿಕೆಯೊಳಗೆ ಆಕಾಶಕ್ಕೆ ಕಳಿಸಬೇಕೆಂದಿದ್ದ ಸಾಮಾನು ವೆಜಿಮೈಟ್ ಜಾಡಿ. ಆಸ್ಟ್ರೇಲಿಯಾದವರು ಬ್ರೆಡ್ಡಿಗೆ ಸವರಿಕೊಂಡು ತಿನ್ನುವ ಕಪ್ಪನೆಯ ಉಪ್ಪು ಪೇಸ್ಟು. ಎಂಥ ದೂರದೃಷ್ಟಿ! ಇಂಥ ಪೇಲೋಡಿಗೆ ವಿಮೆ ಬೇಡ, ತಜ್ಞರ ಸಮಿತಿ ಬೇಡ. ಕಳೆದುಹೋದರೆ ಮೂಲೆಯಂಗಡಿಗೆ ಒಬ್ಬ ಹುಡುಗನನ್ನು ಓಡಿಸಿದರಾಯಿತು.