ಊಟಕ್ಕೆ ಹೋದವರ ಹೆಸರು ಬೇಕಿಲ್ಲ

2003ರ ಆಗಸ್ಟ್ 14ರ ಮಧ್ಯಾಹ್ನ, ಅಮೆರಿಕದ ಮಧ್ಯ ಪಶ್ಚಿಮ ಭಾಗದ ವಿದ್ಯುತ್ ಜಾಲದ ಮೇಲೆ ಕಣ್ಣಿಡುವ ಕೇಂದ್ರದಲ್ಲಿ ಒಬ್ಬ ವಿಶ್ಲೇಷಕರು ತಂತ್ರಾಂಶವೊಂದನ್ನು ಸರಿಪಡಿಸಿ ಊಟಕ್ಕೆ ಎದ್ದರು. ಅದು ಆಗಾಗ ತಾನಾಗಿಯೇ ಜಾಲದ ಸ್ಥಿತಿಯನ್ನು ಲೆಕ್ಕಹಾಕಬೇಕಿತ್ತು. ದುರಸ್ತಿಗಾಗಿ ನಿಲ್ಲಿಸಿದ್ದ ಆ ವ್ಯವಸ್ಥೆಯನ್ನು ಮತ್ತೆ ಚಾಲೂ ಮಾಡಲು ಅವರು ಮರೆತಿದ್ದರು. ಸಂಜೆ 4 ಗಂಟೆ ದಾಟುತ್ತಿದ್ದಂತೆ ಅಮೆರಿಕ ಮತ್ತು ಕೆನಡಾದ ಸುಮಾರು 5 ಕೋಟಿ ಜನರಿಗೆ ಕರೆಂಟ್ ಇರಲಿಲ್ಲ.

ಎರಡೂ ದೇಶಗಳು ಸೇರಿ 2004ರ ಏಪ್ರಿಲ್‌ನಲ್ಲಿ ಹೊರತಂದ ಅಂತಿಮ ವರದಿಯಲ್ಲಿ ಆ ಊಟದ ಮಾತೂ ಇದೆ, ವಿಶ್ಲೇಷಕರ ಹೆಸರಿಲ್ಲ. ಕೆಲಸಕ್ಕೆಂದು ಓಹಾಯೋಗೆ ಬಂದು ನೆಲೆಸಿದ ಮೇಲೆ ನಾನು ಈ ವರದಿಯನ್ನು ಓದಿದೆ. ಎಲ್ಲ ಶುರುವಾದದ್ದು ಇದೇ ರಾಜ್ಯದಲ್ಲಿ. ಮಧ್ಯಾಹ್ನ 2.14ರ ಹೊತ್ತಿಗೆ ಫಸ್ಟ್‌ಎನರ್ಜಿ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆ ಕೊಡುವ ತಂತ್ರಾಂಶ ಸದ್ದಿಲ್ಲದೆ ನಿಂತಿತು. ಅದರ ಎರಡು ಭಾಗಗಳು ಒಂದೇ ಮಾಹಿತಿಯನ್ನು ಒಂದೇ ಕ್ಷಣದಲ್ಲಿ ತಿದ್ದಲು ಹೋಗಿ ಸಿಕ್ಕಿಕೊಂಡಿದ್ದವು. 3.05ಕ್ಕೆ ಕಂಪನಿಯ ಮೊದಲ 345 ಕಿಲೋವೋಲ್ಟ್ ಲೈನ್ ಮರಕ್ಕೆ ತಾಗಿ ಟ್ರಿಪ್ ಆಯಿತು, ಅಂದರೆ ತಾನಾಗಿಯೇ ಕಡಿತಗೊಂಡಿತು. ಕೊಠಡಿಯಲ್ಲಿ ಯಾವ ಗಂಟೆಯೂ ಬಾರಿಸಲಿಲ್ಲ. ಪರದೆ ಶಾಂತವಾಗಿತ್ತು, ಆದ್ದರಿಂದ ಜಾಲವೂ ಶಾಂತವಾಗಿದೆ ಎಂದೇ ಅಲ್ಲಿದ್ದವರು ನಂಬಿದರು. ಹೊರಗಿನಿಂದ ಫೋನ್ ಬಂದಾಗಲೂ ನಂಬಿದ್ದು ಪರದೆಯನ್ನೇ. ಕಂಪ್ಯೂಟರ್ ವಿಭಾಗದವರು ಸರ್ವರ್ ಮರುಚಾಲನೆ ಮಾಡಿದರು. ಎಚ್ಚರಿಕೆಗಳು ಬರುತ್ತಿವೆಯೇ ಎಂದು ನಿಯಂತ್ರಣ ಕೊಠಡಿಯವರನ್ನು ಒಂದು ಮಾತು ಕೇಳಲಿಲ್ಲ. ಇದೆಲ್ಲ ನಿಮಿಷದ ಲೆಕ್ಕದಲ್ಲಿ ಬರೆದಿಟ್ಟಿದೆ, ಯಾರು ಬೇಕಾದರೂ ಓದಬಹುದು.

ನನ್ನ ಭಾವ ಊರಿನ ಹತ್ತಿರದ ಒಂದು ವಿದ್ಯುತ್ ಉಪಕೇಂದ್ರದಲ್ಲಿ ಆಪರೇಟರ್ ಆಗಿದ್ದವರು. ಒಮ್ಮೆ ರಾತ್ರಿ ಪಾಳಿಯಲ್ಲಿ ಅವರ ಜೊತೆ ಕೂತಿದ್ದೆ. ಊರುಗಳಿಗೆ ಕರೆಂಟ್ ಒಯ್ಯುವ ಫೀಡರ್ ಲೈನೊಂದು ಟ್ರಿಪ್ ಆಯಿತು. ಬ್ರೇಕರ್ ಮತ್ತೆ ಹಾಕಿದರು, ಈ ಸಲ ಕರೆಂಟ್ ಹೋಗದೆ ಉಳಿಯಿತು. ಲಾಗ್ ಪುಸ್ತಕ ತೆರೆದು ವೇಳೆ ಬರೆದು, ಕಾರಣದ ಕಾಲಂನಲ್ಲಿ ‘ತಾತ್ಕಾಲಿಕ ದೋಷ’ ಎಂದು ಗೀಚಿದರು. ಮೇಲಿನ ಸಾಲುಗಳಲ್ಲೂ ಅದೇ ಎರಡು ಪದ, ಪುಟದ ತುದಿಯವರೆಗೆ. ನಿಜವಾದ ಕಾರಣ ಅವರಿಗೆ ಗೊತ್ತಿತ್ತು: ದೋಷ ಕಂಡರೆ ಲೈನ್ ಕತ್ತರಿಸುವ ಸಾಧನವಾದ ಆ ರಿಲೇಯ ಸೆಟ್ಟಿಂಗ್ ಹಳೆಯದು, ಲೋಡ್ ಹೊಸದು. ‘ಬರೆಯಬಹುದಲ್ಲ ಭಾವ?’ ಎಂದೆ. ‘ಬರೆದರೆ ನನಗೇ ನೋಟಿಸ್ ಬರುತ್ತದೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುತ್ತಾರೆ’ ಎಂದರು. ಮುಂದಿನ ಸಲ ಊರಿಗೆ ಹೋದಾಗ ಓಹಾಯೋದ ವರದಿಯ ಕಥೆ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ, ‘ಊಟಕ್ಕೆ ಹೋದವನನ್ನು ಸಸ್ಪೆಂಡ್ ಮಾಡಿದರೇ?’

ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ನಮ್ಮಲ್ಲಿ ಅವಘಡವಾದರೆ ಮೊದಲು ಹುಡುಕುವುದು ತಲೆಯನ್ನು, ಕಾರಣವನ್ನಲ್ಲ. ತಲೆ ಸಿಕ್ಕ ಮೇಲೆ ಕಡತ ಮುಚ್ಚುತ್ತದೆ, ರಿಲೇ ಹಾಗೆಯೇ ಇರುತ್ತದೆ.

ರಿಲೇಯ ಮಾತನ್ನು ಸುಮ್ಮನೆ ಎತ್ತಲಿಲ್ಲ. 1965ರ ನವೆಂಬರ್‌ನಲ್ಲಿ ನಯಾಗರಾ ಬಳಿಯ ಬೆಕ್ ಸ್ಥಾವರದಲ್ಲಿ ಕಡಿಮೆ ಮಿತಿಗೆ ಹೊಂದಿಸಿಟ್ಟಿದ್ದ ರಿಲೇಯೊಂದು, ಸಾಮಾನ್ಯ ಲೋಡನ್ನೇ ದೋಷವೆಂದು ತಿಳಿದು ಲೈನ್ ಕತ್ತರಿಸಿತು. 3 ಕೋಟಿ ಜನ ಕತ್ತಲಲ್ಲಿ ಉಳಿದರು. 2003ರಲ್ಲಿ ಓಹಾಯೋದ ಸ್ಯಾಮಿಸ್–ಸ್ಟಾರ್ ಲೈನನ್ನು ಕತ್ತರಿಸಿದ್ದೂ ಇಂಥದೇ ತಪ್ಪು ಗ್ರಹಿಕೆ: ವೋಲ್ಟೇಜ್ ಇಳಿದು ಕರೆಂಟ್ ಏರಿದಾಗ, ದೂರದ ದೋಷಗಳ ಮೇಲೂ ಕಣ್ಣಿಡುವ ‘ಮೂರನೆಯ ವಲಯ’ದ ರಿಲೇ ದೂರದಲ್ಲೆಲ್ಲೋ ದೋಷವಿದೆ ಎಂದುಕೊಂಡಿತು. ಅಲ್ಲಿಂದ ಮುಂದೆ ಜಾಲ ತಡೆಯಲಾರದೆ ಕುಸಿಯಿತು. ಒಂಬತ್ತು ವರ್ಷದ ನಂತರ, 2012ರ ಜುಲೈ 30ರ ನಸುಕು 2.33ಕ್ಕೆ, ಭಾರತದ ಬೀನಾ–ಗ್ವಾಲಿಯರ್ 400 ಕಿಲೋವೋಲ್ಟ್ ಲೈನ್ ಅದೇ ಮೂರನೆಯ ವಲಯದ ರಿಲೇಯಿಂದ, ಯಾವ ದೋಷವೂ ಇಲ್ಲದೆ, ಟ್ರಿಪ್ ಆಯಿತು. ಮರುದಿನ ಮಧ್ಯಾಹ್ನ ಮತ್ತೊಮ್ಮೆ. ಎರಡನೆಯ ದಿನ 60 ಕೋಟಿಗೂ ಹೆಚ್ಚು ಜನರಿರುವ ಪ್ರದೇಶಕ್ಕೆ ಪೆಟ್ಟು ಬಿತ್ತು. ಓಹಾಯೋದ ಪಾಠ ಅಚ್ಚಾಗಿ ಎಂಟು ವರ್ಷವಾಗಿತ್ತು.

ಕರ್ನಾಟಕ ಅಂದು ಉಳಿದದ್ದು ದಕ್ಷಿಣದ ಜಾಲ ಉಳಿದವುಗಳೊಂದಿಗೆ ಒಂದೇ ಲಯದಲ್ಲಿ ಬೆಸೆದಿರಲಿಲ್ಲ ಎಂಬ ಕಾರಣಕ್ಕೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಅದನ್ನು ಬೆಸೆಯಿತು. ಈಗ ಬೇರೆಡೆಯ ತಪ್ಪು ನಮ್ಮ ಮನೆಯ ತಪ್ಪೂ ಹೌದು.

ಅಮೆರಿಕದವರು ಎಲ್ಲದರಲ್ಲೂ ಮುಂದು ಎಂದು ನಾನು ಹೇಳುತ್ತಿಲ್ಲ. 2011ರ ಚಳಿಯಲ್ಲಿ ಟೆಕ್ಸಾಸ್‌ನ ಸ್ಥಾವರಗಳು ಹೆಪ್ಪುಗಟ್ಟಿ ನಿಂತವು, ಅವನ್ನು ಚಳಿಗೆ ಸಜ್ಜುಗೊಳಿಸಿ ಎಂದು ವರದಿ ಹೇಳಿತು, ಬಹುಪಾಲು ಕಡತದಲ್ಲೇ ಉಳಿಯಿತು. 2021ರ ಫೆಬ್ರುವರಿಯಲ್ಲಿ ಅದೇ ಮರುಕಳಿಸಿತು. ರಾಜ್ಯದ ಲೆಕ್ಕದಂತೆಯೇ 246 ಜನ ಸತ್ತರು. ನಮ್ಮವರೋ 2012ರ ವರದಿಯನ್ನು ಮೂರು ವಾರದೊಳಗೆ ಕೊಟ್ಟರು. ಆ ವೇಗ ಚಿಕ್ಕದಲ್ಲ.

ಆದರೂ ಇಲ್ಲಿನ ಒಂದು ಪದ್ಧತಿ ನನಗೆ ನಮ್ಮೂರಿಗೂ ಬೇಕು. ಉತ್ತರ ಅಮೆರಿಕದ ಜಾಲದ ವಿಶ್ವಾಸಾರ್ಹತೆ ನೋಡಿಕೊಳ್ಳುವ ನೆರ್ಕ್ ಸಂಸ್ಥೆ, ಅವಘಡಗಳಿಂದ ಕಲಿತದ್ದನ್ನು ಕಂಪನಿಯ ಹೆಸರು ಹೇಳದೆ ಕೆಲವೇ ಪುಟಗಳಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತದೆ: ಏನಾಯಿತು, ಏಕಾಯಿತು, ಏನು ಸರಿಪಡಿಸಿದರು. ನಮ್ಮ ಉಪಕೇಂದ್ರಗಳಿಗೆ ಅಂಥ ಒಂದೊಂದು ಹಾಳೆ ಕನ್ನಡದಲ್ಲಿ ಬರಲಿ. ಪಾಳಿ ಬದಲಾಗುವಾಗ ಲೈನ್‌ಮನ್, ಆಪರೇಟರ್, ಸೆಕ್ಷನ್ ಅಧಿಕಾರಿ ಒಟ್ಟಿಗೆ ಓದಲಿ. ಲಾಗ್ ಪುಸ್ತಕದ ಕಾರಣದ ಕಾಲಂನಲ್ಲಿ ನಿಜ ಬರೆದವರಿಗೆ ನೋಟಿಸ್ ಹೋಗುವುದಿಲ್ಲ ಎಂದು ಮೇಲಧಿಕಾರಿ ಲಿಖಿತವಾಗಿ ಮಾತು ಕೊಡಲಿ. ಭಾವ ನಿವೃತ್ತರಾಗಿದ್ದಾರೆ. ಅವರ ಕುರ್ಚಿಯಲ್ಲಿ ಈಗ ಇಪ್ಪತ್ತೈದರ ಹುಡುಗನೊಬ್ಬ ಕೂತಿದ್ದಾನೆ, ಅದೇ ಪುಸ್ತಕದ ಮುಂದೆ.