ಸತ್ಯಾಂಶ: ಕಾಯಿಲೆಯ ಹೆಸರೊಂದಿದ್ದರೆ ಭತ್ಯೆ ಸಿಗುತ್ತದೆಯೇ?

‘ಈ ಪಟ್ಟಿಯಲ್ಲಿರುವ ಕಾಯಿಲೆ ನಿಮಗಿದ್ದರೆ ಅಂಗವೈಕಲ್ಯ ಭತ್ಯೆ ಖಚಿತ, ವೈದ್ಯರ ಒಂದು ಚೀಟಿ ಸಾಕು’ ಎಂಬ ಸಂದೇಶ ಮತ್ತೆ ಮತ್ತೆ ಹರಿದಾಡುತ್ತದೆ. ಇದು ಅರ್ಧಸತ್ಯ. ಕೆಲವು ದೇಶಗಳಲ್ಲಿ ಅತಿ ಗಂಭೀರ ಕಾಯಿಲೆಗಳಿಗೆ ತ್ವರಿತ ದಾರಿ ಇರುವುದು ನಿಜ. ಉಳಿದಂತೆ ಹೆಸರು ಬರೀ ಬಾಗಿಲು, ಒಳಗೆ ಕೇಳುವ ಪ್ರಶ್ನೆಗಳೇ ಬೇರೆ.

ಸಂಧಿವಾತ ಇರುವ ಇಬ್ಬರನ್ನು ನೋಡಿ. ಒಬ್ಬರು ಮಾತ್ರೆ ನುಂಗಿ ದಿನವಿಡೀ ದುಡಿಯುತ್ತಾರೆ. ಇನ್ನೊಬ್ಬರಿಗೆ ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದೇ ಸಾಹಸ. ಚೀಟಿಯಲ್ಲಿ ಇಬ್ಬರದೂ ಒಂದೇ ಪದ! ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಒಪ್ಪಿದ ವರ್ಗೀಕರಣವೂ ಅಂಗವೈಕಲ್ಯವನ್ನು ರೋಗದ ಹೆಸರಿನಿಂದಲ್ಲ, ದೇಹ, ಚಟುವಟಿಕೆ ಮತ್ತು ಪರಿಸರ ಸೇರಿ ಉಂಟಾಗುವ ಸ್ಥಿತಿಯಾಗಿ ನೋಡುತ್ತದೆ. ಅದೇ ಸಂಸ್ಥೆಯ 36 ಪ್ರಶ್ನೆಗಳ ಮಾಪನ ಪಟ್ಟಿ ಕೇಳುವುದು ಕಳೆದ 30 ದಿನಗಳಲ್ಲಿ ಓಡಾಟ, ಸ್ವಂತ ಆರೈಕೆ, ಮನೆಗೆಲಸ ಎಷ್ಟು ಕಷ್ಟವಾಯಿತು ಎಂದು.

ಹಾಗಾಗಿ ‘ನನಗೆ ಬೆನ್ನುನೋವು’ ಎಂದಷ್ಟೇ ಬರೆದರೆ ಸಾಲದು. ‘ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಲಾಗದು, ವಾರದಲ್ಲಿ ಮೂರು ದಿನ ಸ್ನಾನಕ್ಕೂ ಒಬ್ಬರ ನೆರವು ಬೇಕು’ ಎಂದರೆ ಚಿತ್ರ ಸಿಗುತ್ತದೆ. ನಮ್ಮವರಿಗೆ ‘ಹೇಗೋ ನಡೆಯುತ್ತಿದೆ’ ಎನ್ನುವ ಸಂಕೋಚ. ಅರ್ಜಿಯಲ್ಲಿ ಅದು ದುಬಾರಿ. ಹಾಗೆಂದು ಉತ್ಪ್ರೇಕ್ಷೆಯೂ ಬೇಡ, ದಾಖಲೆಗಳೊಂದಿಗೆ ತಾಳೆಯಾಗದಿದ್ದರೆ ನಂಬಿಕೆ ಹೋಗುತ್ತದೆ.

‘ಒಮ್ಮೆ ತಿರಸ್ಕೃತವಾದರೆ ಮುಗಿಯಿತು’ ಎಂಬ ಬಾಲವೂ ಸಂದೇಶಕ್ಕಿರುತ್ತದೆ. ಅದೂ ತಪ್ಪು. ಮರುಪರಿಶೀಲನೆ ಅಥವಾ ಮೇಲ್ಮನವಿಗೆ ಸಾಮಾನ್ಯವಾಗಿ ಅವಕಾಶವಿದೆ, ಗಡುವು ಮಾತ್ರ ಚಿಕ್ಕದು. ತಿರಸ್ಕಾರದ ಪತ್ರ ಬಂದ ದಿನವೇ ಅದರಲ್ಲಿರುವ ಕಾರಣ ಮತ್ತು ಕೊನೆಯ ದಿನಾಂಕ ಓದಿಕೊಳ್ಳಿ.