ಕಡಲಾಮೆಗೆ ಕತ್ತಲೆಯನ್ನು ಬಿಟ್ಟುಕೊಡೋಣ

ಪೆಂಗ್ವಿನ್ ನೋಡಲು ಹೋಗಿ ಒಂದು ಫೋಟೊವನ್ನೂ ತೆಗೆಯಲಿಲ್ಲವೇ ಎಂದು ಜಯನಗರದ ನಮ್ಮ ಮನೆಯಲ್ಲಿ ಎಲ್ಲರೂ ಕೇಳುತ್ತಾರೆ. ತೆಗೆಯುವಂತಿಲ್ಲ. ನಾವಿರುವ ಮೆಲ್ಬರ್ನಿನಿಂದ ಸುಮಾರು 140 ಕಿಲೋಮೀಟರ್ ದೂರದ ಫಿಲಿಪ್ ದ್ವೀಪದಲ್ಲಿ, ಸಮ್ಮರ್‌ಲ್ಯಾಂಡ್ ಎಂಬ ಕಡಲತೀರದಲ್ಲಿ, ಸಂಜೆ ಪೆಂಗ್ವಿನ್‌ಗಳಿಗಾಗಿ ಕಾದು ಕುಳಿತವರು ಕ್ಯಾಮೆರಾವನ್ನಾಗಲಿ ಮೊಬೈಲನ್ನಾಗಲಿ ಬಳಸುವಂತಿಲ್ಲ. ಮಕ್ಕಳೊಂದಿಗೆ ಅಲ್ಲಿ ಕಳೆದ ರಜೆಯನ್ನು ನೆನೆದಾಗ ಆ ನಿಷೇಧದ ಬಗ್ಗೆ ನನಗೆ ಕೃತಜ್ಞತೆಯೇ ಮೂಡುತ್ತದೆ.

ಅಲ್ಲಿನ ಪೆಂಗ್ವಿನ್ ಒಂದು ಅಡಿಗಿಂತ ತುಸು ಎತ್ತರ, ತೂಕ ಸುಮಾರು ಒಂದು ಕಿಲೋ. ಹಗಲೆಲ್ಲ ಕಡಲಿನಲ್ಲಿ ಮೀನು ಹಿಡಿದು, ಸೂರ್ಯ ಮುಳುಗಿದ ಮೇಲೆ ಗುಂಪುಗುಂಪಾಗಿ ದಡಕ್ಕೆ ಬರುತ್ತದೆ. ಗುಂಪು ಕೂಡುವವರೆಗೆ ನೀರಿನಂಚಿನಲ್ಲೇ ಅನುಮಾನಿಸುತ್ತ ನಿಲ್ಲುತ್ತದೆ. ಬಯಲು ಮರಳಿನಲ್ಲಿ ಒಂಟಿಯಾಗಿ ಸಿಕ್ಕರೆ ಹಿಂಸ್ರಪಕ್ಷಿಗಳ ಭಯ. ಆಮೇಲೆ ಒಮ್ಮೆಲೇ ಎಲ್ಲವೂ ತುರುತುರು ನಡೆದು ದಿಬ್ಬದ ಬಿಲಗಳನ್ನು ಸೇರುತ್ತವೆ. ಎಷ್ಟು ಹೊತ್ತಿಗೆ ಬರಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದು ಅವುಗಳ ತೀರ್ಮಾನ. ಪರದೆಯ ಬೆಳಕಿಲ್ಲದ ಆ ಕತ್ತಲಿನಲ್ಲಿ ನನ್ನ ಮಗಳು ನನ್ನ ತೋಳು ಹಿಡಿದು, ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಮನೆಗೆ ಹೊರಡುವ ಮುನ್ನ ಕಾರಿನಡಿ ಪೆಂಗ್ವಿನ್ ಇದೆಯೇ ಎಂದು ಬಗ್ಗಿ ನೋಡಬೇಕೆಂಬ ಸೂಚನೆ ಅಲ್ಲಿದೆ. ಆ ಕೆಲಸವನ್ನು ಅವಳು ಬೇರೆ ಯಾರಿಗೂ ಬಿಡಲಿಲ್ಲ.

ಆ ನೆಲ ಮೊದಲಿನಿಂದಲೂ ಹಾಗಿರಲಿಲ್ಲ. ಕಡಲಿಗೆ ಚಾಚಿದ ಆ ಭಾಗದಲ್ಲಿ ಒಂದು ಬಡಾವಣೆಯೇ ಇತ್ತು: ನಿವೇಶನ, ಮನೆ, ರಸ್ತೆ, ನಾಯಿಗಳು. ಪೆಂಗ್ವಿನ್‌ಗಳು ಕಡಿಮೆಯಾಗುತ್ತಿರುವುದನ್ನು ಕಂಡ, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಸರ್ಕಾರ 1985ರಲ್ಲಿ ಅಲ್ಲಿನ ಆಸ್ತಿಗಳನ್ನೆಲ್ಲ ಕೊಂಡು ನೆಲವನ್ನು ಹಕ್ಕಿಗಳಿಗೆ ಮರಳಿಸಲು ನಿರ್ಧರಿಸಿತು. ಕೆಲಸ ಮುಗಿದದ್ದು 2010ರಲ್ಲಿ. ಯುರೋಪಿಯನ್ನರು ತಂದು ಬಿಟ್ಟಿದ್ದ ನರಿಗಳಿಂದ ದ್ವೀಪ ಮುಕ್ತವಾಯಿತೆಂದು ಘೋಷಿಸಲು 2017 ಬರಬೇಕಾಯಿತು. ನಿವೇಶನವೊಂದಕ್ಕಾಗಿ ಬೆಂಗಳೂರಿನಲ್ಲಿ ಜೀವಮಾನವಿಡೀ ದುಡಿದ ತಂದೆಯ ಮಗನಾದ ನನಗೆ, ಒಂದು ಬಡಾವಣೆ ಹಕ್ಕಿಗಳಿಗಾಗಿ ಎದ್ದು ಹೋಯಿತೆಂಬುದು ಇಂದಿಗೂ ಮೈ ನವಿರೇಳಿಸುವ ಸಂಗತಿ.

ಇದನ್ನೆಲ್ಲ ಕೇಳಿದ ಅಣ್ಣ, ‘ನಮ್ಮಲ್ಲಿ ಅಂಥದ್ದೇನಿದೆ?’ ಎಂದ. ಇದೆ. ಕುಂದಾಪುರದ ಕಡೆ ಮತ್ತು ಹೊನ್ನಾವರದ ಕಾಸರಕೋಡಿನಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಚಳಿಗಾಲದ ರಾತ್ರಿಗಳಲ್ಲಿ ದಡಕ್ಕೆ ಬಂದು, ಮರಳು ತೋಡಿ, ನೂರರಷ್ಟು ಮೊಟ್ಟೆ ಇಟ್ಟು ಹೋಗುತ್ತವೆ. ಒಂದೂವರೆ ಎರಡು ತಿಂಗಳಿಗೆ ಮರಿಗಳು ಹೊರಬರುತ್ತವೆ. ಕಾರವಾರದ ಕಡಲಿನಲ್ಲಿ ಡಾಲ್ಫಿನ್‌ಗಳಿವೆ. ಬೆಂಗಳೂರಿನಲ್ಲಿ ಸಂಜೆ ರೈಲು ಹತ್ತಿದರೆ ಬೆಳಿಗ್ಗೆ ಹೊನ್ನಾವರ.

ಹಾಗೆಂದು ಪರದೇಶದ ರೀತಿಯೇ ಮೇಲೆಂದು ನಾನು ಹೇಳಲಾರೆ. ಅಲ್ಲಿ ಟಿಕೆಟ್ಟಿದೆ, ಮೆಟ್ಟಿಲುಮೆಟ್ಟಿಲಾದ ಆಸನಗಳಿವೆ, ಕಾವಲಿಗೆ ಸಂಬಳದ ಸಿಬ್ಬಂದಿ ಇದ್ದಾರೆ. ಕಾಸರಕೋಡಿನಲ್ಲಿ ಗೂಡು ಕಂಡೊಡನೆ ಅರಣ್ಯ ಇಲಾಖೆಗೆ ತಿಳಿಸಿ, ನಾಯಿ, ನರಿ ಬಾರದಂತೆ ಬಲೆಯ ಬೇಲಿಯೊಳಗೆ ಮೊಟ್ಟೆಗಳನ್ನು ಕಾಯಲು ಕೈಜೋಡಿಸುವವರು ಮೀನುಗಾರರು. ಅಲ್ಲಿ ಬಂದರು ಯೋಜನೆಗೆ ಎದುರಾಗಿ ನಿಂತಾಗ, ಇದು ಕಡಲಾಮೆಗಳ ತೀರ ಎಂಬ ಮಾತನ್ನೂ ಅವರು ಮುಂದಿಟ್ಟರು. ತಮ್ಮ ಅನ್ನದ ಹೋರಾಟದಲ್ಲಿ ಆಮೆಯನ್ನೂ ಜೊತೆಗೆ ನಿಲ್ಲಿಸಿಕೊಂಡ ಜನ ಅವರು. ಇಂಥ ನಂಟು ಫಿಲಿಪ್ ದ್ವೀಪದ ಪ್ರೇಕ್ಷಕನಾದ ನನಗಿಲ್ಲ.

ನಮ್ಮಲ್ಲಿ ತಪ್ಪಾಗುತ್ತಿರುವುದು ರಜೆಗೆ ಹೋಗುವವರ ಕಡೆಯಿಂದ. ಮೊಟ್ಟೆಯೊಡೆದ ಮರಿ ಕಡಲನ್ನು ಗುರುತಿಸುವುದು ಬೆಳಕಿನಿಂದ. ಕತ್ತಲೆಯ ತೀರದಲ್ಲಿ ಹೆಚ್ಚು ಬೆಳ್ಳಗೆ ಕಾಣುವ ದಿಕ್ಕೇ ನೀರಿನ ದಿಕ್ಕು. ಹಿಂದೆ ರೆಸಾರ್ಟಿನ ದೀಪಗಳು ಝಗಝಗಿಸಿದರೆ ಅದು ಅತ್ತ ತಿರುಗುತ್ತದೆ, ದಣಿದು, ಒಣಗಿ, ಕಾಗೆ ನಾಯಿಗಳ ಪಾಲಾಗುತ್ತದೆ. ಆ ದೀಪಗಳು ಉರಿಯುವುದು ಬಹುಪಾಲು ಬೆಂಗಳೂರಿನವರ ವಾರಾಂತ್ಯಕ್ಕಾಗಿ, ಬೆಂಗಳೂರಿನ ದುಡ್ಡಿನಿಂದ. ರಾತ್ರಿ ದಡದ ಮೇಲೆ ಬೆಂಕಿ ಹಾಕಿ ಹಾಡು ಹಚ್ಚುವುದು, ಆಮೆ ಕಂಡರೆ ಟಾರ್ಚ್ ಬಿಟ್ಟು ಸುತ್ತುವರಿಯುವುದು, ಮರಿಯನ್ನು ಅಂಗೈಯಲ್ಲಿಟ್ಟು ಫೋಟೊ ತೆಗೆಯುವುದು ನನಗೆ ಸಹಿಸಲಾಗದ ನೋವು ಕೊಡುತ್ತವೆ. ಕಡಲಾಮೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಇದೆ. ಆದರೆ ಪ್ರತಿ ಪ್ರವಾಸಿಯ ಹಿಂದೆಯೂ ಕಾದು ನಿಂತು ದೀಪ ಆರಿಸುವವರು ಯಾರು?

ಆಸ್ತಿ ಕೊಂಡು ಬಡಾವಣೆಯನ್ನೇ ತೆರವು ಮಾಡುವ ಶಕ್ತಿ ನಮ್ಮ ಸರ್ಕಾರಕ್ಕೆ ಬರಲಿ ಎಂದು ಕಾಯಬೇಕಿಲ್ಲ. ಜನವರಿಯಿಂದ ಏಪ್ರಿಲ್‌ವರೆಗೆ ಕರಾವಳಿಯಲ್ಲಿ ಕೊಠಡಿ ಕಾದಿರಿಸುವಾಗ ಒಂದು ಪ್ರಶ್ನೆ ಕೇಳಿ: ಕಡಲಿಗೆ ಮುಖ ಮಾಡಿದ ದೀಪಗಳನ್ನು ರಾತ್ರಿ ಆರಿಸುತ್ತೀರಾ? ಇಲ್ಲವೆಂದರೆ ಬೇರೆ ಕಡೆ ಉಳಿದುಕೊಳ್ಳಿ. ಗೂಡುಗಳನ್ನು ಕಾಯುವ ಮೀನುಗಾರರ ಊರಿನಲ್ಲೇ ತಂಗಿ, ಅವರಿಗೂ ಇಲಾಖೆಯವರಿಗೂ ಕೇಳಿ, ಅವರು ಬನ್ನಿ ಎಂದಾಗ ಮಾತ್ರ ತೀರಕ್ಕೆ ಹೋಗಿ, ಅವರು ತೋರಿಸಿದ ದೂರದಲ್ಲಿ ಕುಳಿತುಕೊಳ್ಳಿ. ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ. ಮುಂದಿನ ಬಾರಿ ನಾನು ಊರಿಗೆ ಬರುವುದು ಫೆಬ್ರವರಿಯಲ್ಲಿ. ಅಣ್ಣನ ಮಕ್ಕಳೂ ನನ್ನ ಮಗಳೂ ಜೊತೆಯಾಗಿ ಹೊನ್ನಾವರಕ್ಕೆ ಹೊರಡುವುದೆಂದು ಮನೆಯಲ್ಲಿ ಮಾತಾಗಿದೆ.